ಎಪ್ಪತ್ತೆರಡು ಗಂಟೆ ಕೇಳಿದವಳು

ದೇಶದ ಮೂವತ್ತೊಂದು ವಿಶ್ವವಿದ್ಯಾಲಯಗಳಿಗೆ ಸೇರಿ ಇದ್ದದ್ದು ಒಂದೇ ಸೂಪರ್ ಕಂಪ್ಯೂಟರ್. ಒಂದೇ ಬಚ್ಚಲುಮನೆಯಿರುವ ದೊಡ್ಡ ಸಂಸಾರದಲ್ಲಿ ಏನಾಗುತ್ತದೋ ಅಲ್ಲೂ ಅದೇ ಆಗುತ್ತಿತ್ತು: ಒಳಗಿದ್ದವರು ಬೇಗ ಹೊರಗೆ ಬರುತ್ತಿರಲಿಲ್ಲ, ಹೊರಗಿದ್ದವರು ಬಾಗಿಲು ಬಡಿಯುವುದನ್ನು ಬಿಡುತ್ತಿರಲಿಲ್ಲ. ಆ ಬಾಗಿಲ ಬಳಿ, ಯಂತ್ರದ ಸಹಾಯ ಕೇಂದ್ರದಲ್ಲಿ, ಹದಿನೆಂಟು ವರ್ಷದಿಂದ ಕೂತವಳು ಕ್ಯೂ ಅಮ್ಮ. ನಾನೂರು ಜನ ಸಂಶೋಧಕರು, ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಿಂದ ಯಂತ್ರಕ್ಕೆ ಲೆಕ್ಕ ಕಳಿಸುತ್ತಾರೆ. ಹಾಗೆ ಬಂದ ಒಂದೊಂದು ಲೆಕ್ಕಕ್ಕೂ ಜಾಬ್ ಎಂದು ಹೆಸರು. ಜಾಬ್ ಬಂದು ಕ್ಯೂನಲ್ಲಿ ನಿಲ್ಲುತ್ತದೆ. ಅದು ಯಾಕೆ ಇನ್ನೂ ಶುರುವಾಗಲಿಲ್ಲ, ಯಾಕೆ ಅರ್ಧಕ್ಕೇ ಸತ್ತುಹೋಯಿತು, ನಿನ್ನೆ ಇಟ್ಟ ಫೈಲು ಇವತ್ತು ಎಲ್ಲಿ ಹೋಯಿತು ಎಂದು ಕೇಳುವವರಿಗೆಲ್ಲ ಉತ್ತರ ಹೇಳುವುದು ಅವಳ ಕೆಲಸ. ಆ ಹೆಸರನ್ನು ಮೊದಲು ಇಟ್ಟವರು ಯಾರೋ ತಿಳಿಯದು. ಈಗಂತೂ ತಲೆ ನರೆತ ಪ್ರೊಫೆಸರುಗಳೂ ಫೋನ್ ಮಾಡಿ "ಅಮ್ಮ, ಸ್ವಲ್ಪ ನೋಡಿ" ಎನ್ನುತ್ತಿದ್ದರು.

ಅವಳಿಗೆ ಸಿಟ್ಟು ಬರಿಸುವ ವಿಷಯ ಒಂದೇ ಇತ್ತು. ಜಾಬ್ ಕಳಿಸುವಾಗ ಇಷ್ಟು ಗಂಟೆ ಬೇಕು ಎಂದು ಬರೆಯಬೇಕು. ಎಪ್ಪತ್ತೆರಡಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಬರೆದಷ್ಟು ಹೊತ್ತು ಮುಗಿದರೆ ಯಂತ್ರ ಮುಲಾಜಿಲ್ಲದೆ ಜಾಬನ್ನು ಕೊಂದುಹಾಕುತ್ತದೆ. ಆ ಹೆದರಿಕೆಗೆ ಒಬ್ಬೊಬ್ಬರೂ ಕಣ್ಣುಮುಚ್ಚಿ ಎಪ್ಪತ್ತೆರಡು ಬರೆಯುತ್ತಾರೆ, ಕೆಲಸ ಮೂರು ಗಂಟೆಯದ್ದಾದರೂ ಸರಿ. ಕಮ್ಮಿ ಕೇಳಿದವರ ಜಾಬ್ ಸಂದುಗೊಂದಿನಲ್ಲಿ ನುಸುಳಿ ಮುಂದೆ ಹೋಗುತ್ತದೆ, ಜಾಸ್ತಿ ಕೇಳಿದವರದು ಕಂಬದ ಹಾಗೆ ನಿಂತಿರುತ್ತದೆ. ಇದನ್ನು ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು. ಇಷ್ಟು ಓದಿದವರು ಇಷ್ಟು ಸಣ್ಣ ಮಾತನ್ನು ಯಾಕೆ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಅವಳು ಗೊಣಗದ ದಿನವಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಬಂದು, ಬ್ಯಾಗನ್ನು ಕುರ್ಚಿಗೆ ತಗುಲಿಸಿ, ಕ್ಯೂನ ಪಟ್ಟಿಯನ್ನು ತೆರೆಯುವಳು. ಪಟ್ಟಿಯಲ್ಲಿ ಹೆಸರುಗಳಿರುವುದಿಲ್ಲ. ಬಳಕೆದಾರರ ಸಂಖ್ಯೆ, ಜಾಬಿಗೆ ಅವರಿಟ್ಟ ಹೆಸರು, ಕೇಳಿದ ಗಂಟೆ, ನಿಂತಿದೆಯೋ ಓಡುತ್ತಿದೆಯೋ ಎಂಬುದು, ಅಷ್ಟೇ. ಅವಳ ಕಣ್ಣು ಮೊದಲು ಹುಡುಕುತ್ತಿದ್ದದ್ದು ೪೧೭ನ್ನು. ಅದು ಅವಳ ಮಗಳು.

ಮಗಳು ಅಮ್ಮನ ಹತ್ತಿರ ಮಾತು ಬಿಟ್ಟು ಮೂರು ವರ್ಷವಾಗಿತ್ತು. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ಹೋಗಬೇಕಾದಷ್ಟು ದೂರದ ವಿಶ್ವವಿದ್ಯಾಲಯದಲ್ಲಿದ್ದಳು. ಗಾಳಿಗೆ ತೂಗುಸೇತುವೆಗಳು ಹೇಗೆ ಓಲಾಡುತ್ತವೆ ಎಂಬುದು ಅವಳ ಸಂಶೋಧನೆ. ದೂರ ಹೋದಳು ನಿಜ, ಆದರೆ ಯಂತ್ರ ಎಲ್ಲರಿಗೂ ಅದೊಂದೇ ಇದ್ದದ್ದರಿಂದ ಪ್ರತಿದಿನವೂ ಅಮ್ಮನ ಕಣ್ಣ ಮುಂದೆಯೇ ಬಂದು ನಿಲ್ಲಬೇಕಾಗಿತ್ತು. ಜಾಬ್‌ಗೆ ಇಟ್ಟ ಹೆಸರಿನಿಂದ ಕ್ಯೂ ಅಮ್ಮ ಮಗಳ ದಿನ ಹೇಗಿದೆಯೆಂದು ಊಹಿಸುವಳು. "ಸೇತುವೆ೧", "ಸೇತುವೆ೨" ಎಂದಿದ್ದರೆ ನೆಮ್ಮದಿಯಾಗಿದ್ದಾಳೆ. "ಕೊನೆಯದು" ಎಂದಿದ್ದರೆ ಸುಸ್ತಾಗಿದೆ. "ನಿಜವಾಗ್ಲೂ ಕೊನೆಯದು" ಎಂದಿದ್ದರೆ ಮಾರ್ಗದರ್ಶಕರು ಏನೋ ಅಂದಿದ್ದಾರೆ. ಒಮ್ಮೆ ಹನ್ನೊಂದು ದಿನ ೪೧೭ ಪಟ್ಟಿಯಲ್ಲೇ ಇರಲಿಲ್ಲ. ಜ್ವರವೋ, ಜಗಳವೋ, ಏನು ಕಥೆಯೋ ಎಂದು ಇವಳಿಗೆ ಅನ್ನ ಸೇರಲಿಲ್ಲ. ಹನ್ನೆರಡನೆಯ ದಿನ "ಮತ್ತೆ ಶುರು" ಎಂಬ ಜಾಬ್ ಕಾಣಿಸಿದಾಗ ಕುರ್ಚಿಯಲ್ಲಿ ಕೂತಲ್ಲೇ ಕಣ್ಣೊರೆಸಿಕೊಂಡಿದ್ದಳು.

ತಪ್ಪು ಯಾರದು ಎಂದು ಕೇಳಿದರೆ ಅಮ್ಮನದ್ದೇ. ಮಗಳು ಆಗ ಇದೇ ಊರಿನಲ್ಲಿ ಓದುತ್ತಿದ್ದಳು. ಅವಳ ಜಾಬ್ ದಿನಾ ಅರ್ಧಕ್ಕೆ ಸಾಯುತ್ತಿತ್ತು, ಅವಳು ಮಾತ್ರ ಬಾಯಿಬಿಟ್ಟು ಯಾರನ್ನೂ ಕೇಳುತ್ತಿರಲಿಲ್ಲ. ಊಟಕ್ಕೆ ಕೂತರೆ ಮುಖ ಊದಿಕೊಂಡಿರುತ್ತಿತ್ತು. ಹೆತ್ತ ಹೊಟ್ಟೆ ತಡೆಯಲಿಲ್ಲ. ಯಾರದೇ ಜಾಬನ್ನು ಅವರು ಕೇಳದೆ ಮುಟ್ಟಬಾರದೆಂಬುದು ಕೇಂದ್ರದ ಮೊದಲ ನಿಯಮ, ಮುಟ್ಟುವ ಅಧಿಕಾರ ಇರುವುದೂ ಇವಳಂಥವರಿಗೇ. ಒಂದು ಮಧ್ಯಾಹ್ನ ಮಗಳ ಫೈಲನ್ನು ತೆರೆದು, ಎರಡು ಸಾಲಿನಲ್ಲಿ ಸಂಖ್ಯೆಗಳನ್ನು ತಿದ್ದಿ, ಏನೂ ಮಾಡದವಳ ಹಾಗೆ ಮುಚ್ಚಿಬಿಟ್ಟಳು. ಜಾಬ್ ಸರಾಗವಾಗಿ ಓಡಿತು. ಮಗಳು ಒಂದು ವಾರ ಕುಣಿದಾಡಿದಳು. ಆಮೇಲೆ ಆರು ಜನರೆದುರು ಮಾರ್ಗದರ್ಶಕರು, ಈ ಸಂಖ್ಯೆಯನ್ನು ಯಾಕೆ ಇಷ್ಟಕ್ಕೆ ಇಳಿಸಿದೆ, ಕಾರಣ ಹೇಳು ಎಂದರು. ಅದು ತಾನು ಬರೆದ ಸಂಖ್ಯೆಯೇ ಅಲ್ಲ ಎಂದು ಅವಳಿಗೆ ಗೊತ್ತಾದದ್ದು ಆವಾಗ. ತಿದ್ದಿದವರ ಹೆಸರು, ದಿನಾಂಕ, ಗಂಟೆ ಎಲ್ಲವೂ ಫೈಲಿನಲ್ಲೇ ಇತ್ತು. ಈ ಸಂಶೋಧನೆ ನಿನ್ನದೋ ನಿಮ್ಮಮ್ಮನದೋ ಎಂದು ಆ ಮಹಾನುಭಾವರು ಕೇಳಿದರಂತೆ, ಉಳಿದವರು ನಕ್ಕರಂತೆ.

ಅವತ್ತು ಮನೆಗೆ ಬಂದ ಮಗಳು ಅಳಲಿಲ್ಲ, ಕೂಗಾಡಲಿಲ್ಲ. "ನಾನು ತಪ್ಪು ಮಾಡೋದಕ್ಕೂ ನೀನು ಬಿಡಲ್ಲ ಅಮ್ಮ. ಇನ್ಮೇಲೆ ನನ್ನ ಕೆಲಸಕ್ಕೆ ಬರಬೇಡ" ಎಂದಳು. ಕ್ಯೂ ಅಮ್ಮ ಬರಲ್ಲ ಎಂದು ಮಾತು ಕೊಟ್ಟಳು. ಕೇಂದ್ರದ ನಿರ್ದೇಶಕರು ಕೊಟ್ಟ ಎಚ್ಚರಿಕೆಯ ಪತ್ರಕ್ಕೂ ತಲೆ ತಗ್ಗಿಸಿ ಸಹಿ ಹಾಕಿದಳು. ಎರಡು ತಿಂಗಳಲ್ಲಿ ಮಗಳು ಊರು ಬಿಟ್ಟಳು.

ಅಪ್ಪನಿಗೆ ಪ್ರತಿ ಭಾನುವಾರ ಫೋನ್ ಬರುತ್ತಿತ್ತು. ಅವನು ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಶಾಂತ ಮನುಷ್ಯ. ಅವನು ಹಜಾರದಲ್ಲಿ ಮಾತಾಡುವಾಗ ಇವಳು ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ, ಕೈಯಲ್ಲಿ ಪಾತ್ರೆ ಹಿಡಿದು ನಿಲ್ಲುವಳು. ಅವನ ಹೂಂ, ಹೌದಾ, ಹುಷಾರು ಎಂಬ ಮೂರು ಮಾತಿನಿಂದ ಇಡೀ ಸಂಭಾಷಣೆಯನ್ನು ಕಟ್ಟಿಕೊಳ್ಳಬೇಕು. ಒಂದು ಸಲ ಅವನ ಕೈಲಿ ಜಾಬಿನ ವಿಷಯ ಏನೋ ಹೇಳಿಸಿದ್ದಳು. ಆಮೇಲೆ ಒಂದು ತಿಂಗಳು ಅವನಿಗೂ ಫೋನ್ ಬರಲಿಲ್ಲ. ಅಂದಿನಿಂದ ಅವನು, ನಿಮ್ಮಿಬ್ಬರ ನಡುವೆ ನಾನು ಟಪಾಲಿನವನಾಗುವುದಿಲ್ಲ ಮಾರಾಯ್ತಿ, ಇರೋ ಒಂದು ದಾರೀನೂ ಮುಚ್ಚಿಸಬೇಡ ಎಂದು ಕೈಮುಗಿದುಬಿಟ್ಟಿದ್ದ.

ಆ ಭಾನುವಾರ ಫೋನ್ ಇಟ್ಟ ಮೇಲೆ ಅವನಾಗಿಯೇ ಒಂದು ಮಾತು ಹೇಳಿದ. ದೊಡ್ಡ ಸಮ್ಮೇಳನವೊಂದಕ್ಕೆ ಮಗಳು ಲೇಖನ ಕಳಿಸಬೇಕಂತೆ, ಶನಿವಾರ ಕೊನೆಯ ದಿನವಂತೆ, ಇನ್ನೊಂದೇ ಒಂದು ಫಲಿತಾಂಶ ಬಾಕಿಯಂತೆ. ಕ್ಯೂ ಅಮ್ಮ ಬೆರಳು ಮಡಿಸಿ ದಿನ ಎಣಿಸಿದಳು. ಗುರುವಾರ ಬೆಳಿಗ್ಗೆ ಎಂಟಕ್ಕೆ ಯಂತ್ರವನ್ನು ನಿಲ್ಲಿಸುವವರಿದ್ದರು. ಅದನ್ನು ತಣ್ಣಗಿಡುವ ನೀರಿನ ಕೊಳವೆಗಳು ಹಳತಾಗಿದ್ದವು. ಅವನ್ನು ಬದಲಾಯಿಸಿ ಯಂತ್ರ ಮತ್ತೆ ಏಳುವುದು ಮುಂದಿನ ಮಂಗಳವಾರ.

ಸೋಮವಾರ ಹತ್ತು ಗಂಟೆಗೆ ೪೧೭ರ ಜಾಬ್ ಬಂದು ನಿಂತಿತು. ಹೆಸರು "ದಯವಿಟ್ಟು". ಕೇಳಿದ್ದು ಎಪ್ಪತ್ತೆರಡು ಗಂಟೆ.

ಗುರುವಾರ ಎಂಟಕ್ಕೆ ಉಳಿದಿದ್ದದ್ದು ಎಪ್ಪತ್ತು. ನಿಲ್ಲುವ ಹೊತ್ತಿನೊಳಗೆ ಮುಗಿಯದ ಜಾಬನ್ನು ಯಂತ್ರ ಶುರು ಮಾಡುವುದೇ ಇಲ್ಲ. ಮುಂದೆ ಜಾಗ ಖಾಲಿ ಬಿದ್ದಿದ್ದರೂ, ಸರದಿ ಬಂದಿದ್ದರೂ ಅಷ್ಟೇ. ಕ್ಯೂ ಅಮ್ಮ ಮಗಳ ಹಳೆಯ ಜಾಬ್‌ಗಳನ್ನು ನೋಡಿದಳು. ನೋಡುವುದಕ್ಕೆ ಎಲ್ಲರಿಗೂ ಅವಕಾಶವಿತ್ತು, ಮುಟ್ಟುವುದಕ್ಕಲ್ಲ. ಒಂದೊಂದೂ ಹತ್ತೊಂಬತ್ತು ಗಂಟೆಯ ಆಸುಪಾಸಿನಲ್ಲಿ ಮುಗಿದಿದ್ದವು. ಇಪ್ಪತ್ತು ಎಂದು ಬರೆದಿದ್ದರೆ ಸಂಜೆಯೊಳಗೆ ಶುರುವಾಗುತ್ತಿತ್ತು. ಜಗತ್ತಿಗೆಲ್ಲ ಬುದ್ಧಿ ಹೇಳಿದವಳ ಮಗಳಿಗೇ ಈ ಬುದ್ಧಿ ಇಲ್ಲವಲ್ಲ ಎಂದು ಮೊದಲು ಸಿಟ್ಟು ಬಂತು. ಹೇಳುವವಳ ಹತ್ತಿರ ಅವಳು ಕೇಳುವುದನ್ನು ಬಿಟ್ಟಿದ್ದಾಳೆ ಎಂಬುದು ಆಮೇಲೆ ನೆನಪಾಯಿತು. ಪರದೆಯ ಮೇಲೆ "ದಯವಿಟ್ಟು" ಎಂಬುದು ಹಾಗೇ ನಿಂತಿತ್ತು, ತನ್ನನ್ನೇ ಕೇಳುತ್ತಿರುವ ಹಾಗೆ. ತನ್ನನ್ನಲ್ಲ, ಯಂತ್ರವನ್ನು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸಂಜೆಯ ತನಕ ಅದನ್ನೇ ನೋಡುತ್ತ ಕೂತಳು.

ಮಂಗಳವಾರ ಬರುವಾಗ ಬಸ್ಸಿನಲ್ಲಿ ಅವಳಿಗೊಂದು ಉಪಾಯ ಹೊಳೆಯಿತು. ಒಬ್ಬಳಿಗೆ ಹೇಳುವಂತಿಲ್ಲ, ಆದರೆ ಎಲ್ಲರಿಗೂ ಹೇಳಿದರೆ ಬೇಡ ಎನ್ನುವವರು ಯಾರು? ಅದು ಅವಳ ಕೆಲಸವೇ ತಾನೆ? ಕುರ್ಚಿಗೆ ಬ್ಯಾಗು ತಗುಲಿಸುವುದನ್ನೂ ಮರೆತು ನಾನೂರು ಜನಕ್ಕೂ ಒಂದು ಸುತ್ತೋಲೆ ಬರೆದಳು. ಗುರುವಾರ ಎಂಟಕ್ಕೆ ಯಂತ್ರ ನಿಲ್ಲುತ್ತದೆ. ಅಷ್ಟರಲ್ಲಿ ಮುಗಿಯದ ಜಾಬ್ ಶುರುವೇ ಆಗುವುದಿಲ್ಲ. ಎಪ್ಪತ್ತೆರಡು ಗಂಟೆ ಬರೆದು ಕಾಯುತ್ತ ಕೂತವರು ತಮ್ಮ ಹಳೆಯ ಜಾಬ್‌ಗಳು ಎಷ್ಟು ಹೊತ್ತಿನಲ್ಲಿ ಮುಗಿದಿವೆ ಎಂದು ಒಮ್ಮೆ ತಿರುಗಿ ನೋಡಿ, ಅಷ್ಟನ್ನೇ ಬರೆಯಿರಿ. ಇಪ್ಪತ್ತು ಗಂಟೆ ಸಾಕಾಗುವವರಿಗೆ ಇವತ್ತೇ ಜಾಗವಿದೆ. ಈ ಕೊನೆಯ ಸಾಲನ್ನು ಮೂರು ಸಲ ಓದಿ, ಒಬ್ಬಳಿಗೆ ಬರೆದದ್ದೆಂದು ಯಾರಿಗೂ ಅನುಮಾನ ಬಾರದೆಂದು ಖಾತ್ರಿ ಮಾಡಿಕೊಂಡು ಕಳಿಸಿದಳು.

ಹದಿನೆಂಟು ವರ್ಷದಲ್ಲಿ ಅವಳ ಸುತ್ತೋಲೆಯನ್ನು ಜನ ಓದಿದ್ದು ಅದೇ ಮೊದಲು. ಹನ್ನೊಂದು ಗಂಟೆಯೊಳಗೆ ನಲವತ್ತು ಜನ ತಮ್ಮ ಗಂಟೆಗಳನ್ನು ಇಳಿಸಿದರು, ಊಟದ ಹೊತ್ತಿಗೆ ಅರವತ್ತಾಯಿತು. ಇಳಿಸಿದವರ ಜಾಬ್‌ಗಳು ಒಂದರ ಹಿಂದೊಂದು ಖಾಲಿ ಜಾಗಕ್ಕೆ ನುಗ್ಗಿದವು. ಹವಾಮಾನದವರು ಬಂದರು, ಔಷಧಿಯವರು ಬಂದರು, ನಕ್ಷತ್ರಗಳವರು ಬಂದರು. ಅಮ್ಮ, ನಿಮ್ಮಿಂದ ಬದುಕಿಕೊಂಡೆವು ಎಂದು ಮೂವರು ಬರೆದರು. ಇಳಿಸದೆ ಉಳಿದವಳು ೪೧೭. ಸಹಾಯ ಕೇಂದ್ರದಿಂದ ಬರುವ ಸುತ್ತೋಲೆಗಳನ್ನು ಅವಳು ತೆರೆಯುವುದೇ ಇಲ್ಲವೆಂಬುದು ಅಮ್ಮನಿಗೆ ಹೊಳೆಯುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ಯಂತ್ರದ ಮೂರರಲ್ಲೊಂದು ಪಾಲು ಖಾಲಿಯಿತ್ತು. ಈಗ ಸೂಜಿ ಹಾಕಲೂ ಜಾಗವಿರಲಿಲ್ಲ. ಮಗಳಿಗೆಂದು ತೆರೆದ ಬಾಗಿಲಲ್ಲಿ ಊರವರನ್ನೆಲ್ಲ ಒಳಗೆ ಬಿಟ್ಟು ಕೂತಿದ್ದಳು.

ಅವಳು ತಲೆಯ ಮೇಲೆ ಕೈಹೊತ್ತದ್ದನ್ನು ನೋಡಿದವನು ಮೇಸ್ತ್ರಿ. ಯಂತ್ರದ ಬೀರುಗಳು, ಕೊಳವೆಗಳು, ತಂಪು, ಕರೆಂಟು ಎಲ್ಲ ಅವನ ಸುಪರ್ದಿ. ಎಂಜಿನಿಯರ್ ಆದರೂ ಸದಾ ಕೈಯಲ್ಲಿ ಸ್ಪಾನರ್ ಹಿಡಿದೇ ಇರುತ್ತಿದ್ದುದರಿಂದ ಆ ಹೆಸರು. ಮೂರು ವರ್ಷದ ಹಿಂದಿನ ಕಥೆ ಅವನಿಗೆ ಗೊತ್ತಿತ್ತು. ಪಟ್ಟಿಯನ್ನು ನೋಡಿದ, ಅವಳ ಮುಖವನ್ನು ನೋಡಿದ, ಬಿಡಿಸಿ ಹೇಳಬೇಕಾಗಲಿಲ್ಲ.

"ನಾನು ಅವಳಿಗೆ ಒಂದು ಸಾಲು ಬರೀಲಾ ಅಕ್ಕ? ನನ್ನ ಹೆಸರಲ್ಲೇ ಬರೀತೀನಿ" ಎಂದ.

ಬೇಡ ಎಂದಳು. ಅವನ ಕೈಲಿ ಬರೆಸಿದರೂ ಅದು ತನ್ನ ಕೈಯೇ, ಮಗಳಿಗೆ ಗೊತ್ತಾಗದೆ ಇರುವುದಿಲ್ಲ, ಗೊತ್ತಾದರೆ ಭಾನುವಾರದ ಫೋನೂ ನಿಲ್ಲುತ್ತದೆ ಎಂದಳು. ಮಾತು ಕೊಟ್ಟಿದ್ದೇನೆ ಎಂದೂ ಸೇರಿಸಿದಳು.

"ಮಾತು ಕೊಟ್ಟಿದ್ದು ಅವಳಿಗೇ ತಾನೆ? ಅದರಿಂದ ಕೆಡ್ತಿರೋದೂ ಅವಳ ಕೆಲಸಾನೇ ಅಲ್ವಾ ಅಕ್ಕ?"

ಉತ್ತರವಿಲ್ಲದಾಗ ಅವಳು ಎಲ್ಲರ ಮೇಲೂ ರೇಗುತ್ತಿದ್ದಳು, ಅವನ ಮೇಲೂ ರೇಗಿದಳು. ಕೊಳವೆ ನೋಡಿಕೊಳ್ಳುವವನು ಕೊಳವೆ ನೋಡಿಕೊಂಡಿರು ಎಂದುಬಿಟ್ಟಳು. ಪಾಪ, ಅವನು ಸ್ಪಾನರ್ ಎತ್ತಿಕೊಂಡು ಹೋದ.

ಬುಧವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಹವಾಮಾನದವರ ದೊಡ್ಡ ಜಾಬೊಂದು ತನ್ನಷ್ಟಕ್ಕೆ ತಾನು ಕೆಟ್ಟು ನಿಂತಿತು. ಒಮ್ಮೆಗೇ ಯಂತ್ರದ ಕಾಲು ಭಾಗ ಖಾಲಿಯಾಯಿತು. ಸರದಿಯಲ್ಲಿ ಎಲ್ಲರಿಗಿಂತ ಮುಂದಿದ್ದದ್ದು "ದಯವಿಟ್ಟು". ಗುರುವಾರ ಎಂಟಕ್ಕೆ ಇಪ್ಪತ್ತು ಗಂಟೆ ನಲವತ್ತು ನಿಮಿಷ ಉಳಿದಿತ್ತು. ಎಪ್ಪತ್ತೆರಡನ್ನು ಇಪ್ಪತ್ತು ಮಾಡಿದರೆ ಆ ಕ್ಷಣವೇ ಶುರುವಾಗುತ್ತದೆ, ಗುರುವಾರ ಬೆಳಕು ಹರಿಯುವಾಗ ಮುಗಿಯುತ್ತದೆ, ಶನಿವಾರಕ್ಕೆ ಲೇಖನ ಹೋಗುತ್ತದೆ. ಹನ್ನೆರಡು ಹೊಡೆದರೆ ಇಪ್ಪತ್ತಕ್ಕೂ ಹೊತ್ತಿಲ್ಲ.

ಅವಳ ಬೆರಳುಗಳು ಆದೇಶದ ಸಾಲನ್ನು ಆಗಲೇ ಟೈಪ್ ಮಾಡಿ ಮುಗಿಸಿದ್ದವು. ಜಾಬಿನ ಸಂಖ್ಯೆ, ಹೊಸ ಗಂಟೆ, ಎಲ್ಲ ಸರಿಯಾಗಿತ್ತು. ಇನ್ನು ಒಂದು ಕೀಲಿ ಒತ್ತುವುದಷ್ಟೇ ಬಾಕಿ. ಎಷ್ಟು ಸಣ್ಣ ಕೆಲಸ ಎಂದುಕೊಂಡಳು. ಮಗಳು ಚಿಕ್ಕವಳಿದ್ದಾಗ ಅವಳ ಶರ್ಟಿನ ತಪ್ಪು ಗುಂಡಿಯನ್ನು ಬಿಚ್ಚಿ ಸರಿಯಾಗಿ ಹಾಕಿದ ಹಾಗೆ. ಆಗಲೂ ಮಗಳು ಕೈ ತಳ್ಳಿ, ನಾನೇ ಹಾಕ್ಕೋತೀನಿ ಎನ್ನುತ್ತಿದ್ದಳು, ಇವಳು ಹೊತ್ತಾಯಿತೆಂದು ಬಿಡುತ್ತಿರಲಿಲ್ಲ. ಈ ಸಂಖ್ಯೆಯನ್ನು ಯಾಕೆ ಇಳಿಸಿದೆ ಎಂದು ಇನ್ನೊಬ್ಬ ಮಾರ್ಗದರ್ಶಕ ಕೇಳುವುದು, ಮಗಳು ಮತ್ತೆ ಆರು ಜನರ ಮುಂದೆ ಬಾಯಿ ಬಾರದೆ ನಿಲ್ಲುವುದು ಅವಳ ಕಣ್ಣಿಗೆ ಕಟ್ಟಿತು. ಆದರೆ ಮಗಳು ಎಷ್ಟು ತಿಂಗಳು ಈ ಸೇತುವೆಯ ಮೇಲೆ ನಿದ್ದೆಗೆಟ್ಟಿದ್ದಾಳೆ ಎಂಬುದೂ ಇವಳಿಗೇ ಗೊತ್ತು. ಜಾಬ್‌ಗಳ ಒಂದೊಂದು ಹೆಸರೂ ಬಾಯಿಪಾಠವಿದೆ.

ಬರೆದ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. ಕೈಗಳನ್ನು ನಂಬದೆ, ಶಿಕ್ಷೆಗೆ ಕೂರಿಸಿದ ಮಗುವಿನ ಹಾಗೆ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಹನ್ನೊಂದೂ ಐವತ್ತಕ್ಕೆ ಯಾರದೋ ಆರು ಸಣ್ಣ ಜಾಬ್‌ಗಳು ಆ ಜಾಗವನ್ನು ಹಂಚಿಕೊಂಡವು. ಹನ್ನೆರಡು ಹೊಡೆಯಿತು. ಅವಳಿಗೆ ಒಳ್ಳೆಯ ಕೆಲಸ ಮಾಡಿದೆನೆಂದು ಅನ್ನಿಸಲಿಲ್ಲ. ಮಗಳು ಬಿದ್ದದ್ದನ್ನು ಕಿಟಕಿಯಿಂದ ನೋಡುತ್ತ ನಿಂತವಳ ಹಾಗೆ ಅನ್ನಿಸಿತು. ಊಟದ ಡಬ್ಬಿಯನ್ನು ತೆರೆಯದೆ ವಾಪಸ್ ಮನೆಗೆ ಒಯ್ದಳು.

ಗುರುವಾರ ಎಂಟಕ್ಕೆ ಮೇಸ್ತ್ರಿ ಯಂತ್ರವನ್ನು ನಿಲ್ಲಿಸಿದ. ಹದಿನೆಂಟು ವರ್ಷದಿಂದ ಗೋಡೆಯಾಚೆ ಗುಂಯ್‌ಗುಡುತ್ತಿದ್ದ ಫ್ಯಾನುಗಳು ಒಂದೊಂದಾಗಿ ಸುಮ್ಮನಾದವು. ಆ ಮೌನದಲ್ಲಿ ಗಡಿಯಾರದ ಸದ್ದು, ಪಕ್ಕದ ಕೋಣೆಯಲ್ಲಿ ಯಾರೋ ಕೆಮ್ಮಿದ್ದು ಎಲ್ಲ ಕೇಳಿಸುತ್ತಿತ್ತು. ಪಟ್ಟಿಯಲ್ಲಿ ಓಡುತ್ತಿದ್ದ ಜಾಬ್ ಒಂದೂ ಉಳಿದಿರಲಿಲ್ಲ. ಕಾಯುತ್ತಿದ್ದವು ಮಾತ್ರ ಕಾಯುತ್ತಲೇ ಇದ್ದವು, ಎಲ್ಲಕ್ಕಿಂತ ಮೇಲೆ "ದಯವಿಟ್ಟು".

ಹತ್ತು ಗಂಟೆಗೆ ಮೇಜಿನ ಫೋನ್ ಹೊಡೆದುಕೊಂಡಿತು. ಯಂತ್ರ ನಿಂತ ದಿನ ಸುತ್ತೋಲೆ ಓದದ ಹತ್ತು ಜನರಾದರೂ ಏನಾಯಿತೆಂದು ಕೇಳಿ ಫೋನ್ ಮಾಡುವುದು ವಾಡಿಕೆ. "ಸಹಾಯ ಕೇಂದ್ರ, ಹೇಳಿ" ಎಂದಳು.

ಆಚೆ ಕಡೆ ಯಾರೋ ಉಸಿರೆಳೆದುಕೊಂಡರು. ಆ ಉಸಿರಿನಲ್ಲೇ ಅವಳಿಗೆ ಗುರುತು ಸಿಕ್ಕಿತು.

"ನನ್ನ ಜಾಬ್ ಶುರುವಾಗ್ಲೇ ಇಲ್ಲ ಅಮ್ಮ."

ಮೂರು ವರ್ಷದಲ್ಲಿ ಮಗಳ ದನಿ ಸ್ವಲ್ಪ ದಪ್ಪವಾಗಿತ್ತು, ಇಲ್ಲವೇ ಅತ್ತು ಹಾಗಾಗಿತ್ತು. ಗೊತ್ತು ಎಂದಳು ಕ್ಯೂ ಅಮ್ಮ.

ಶನಿವಾರಕ್ಕೆ ಇನ್ನು ಕಳಿಸಲಾಗುವುದಿಲ್ಲ, ಮುಂದಿನ ವರ್ಷವೇ ಎಂದಳು ಮಗಳು. ಮೂರು ದಿನ ಸರದಿಯಲ್ಲಿ ಮೊದಲನೆಯವಳಾಗಿ ನಿಂತಿದ್ದೆ, ಹಿಂದೆ ಇದ್ದವರೆಲ್ಲ ನನ್ನನ್ನು ದಾಟಿಕೊಂಡು ಹೋದರು, ಯಾಕೆಂದೇ ತಿಳಿಯಲಿಲ್ಲ, ಇವತ್ತು ಬೆಳಿಗ್ಗೆ ಪಕ್ಕದ ಮೇಜಿನವನು ಹೇಳಿದ ಎಂದಳು. ಆಮೇಲೆ ಕೇಳಿದಳು:

"ಅದು ಶುರುವಾಗಲ್ಲ ಅಂತ ನಿನಗೆ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. "ಸೋಮವಾರ. ನೀನು ಕಳಿಸಿದ ತಕ್ಷಣ" ಎಂದಳು.

"ನೋಡ್ತಾ ಇದ್ಯಾ?"

"ದಿನಾ ನೋಡ್ತೀನಿ. ಮೂರು ವರ್ಷದಿಂದ."

ಕ್ಯೂ ಅಮ್ಮ ಕಣ್ಣು ಮುಚ್ಚಿಕೊಂಡಳು. ಇನ್ನು ಬೈಗುಳ ಬರುತ್ತದೆ, ಫೋನ್ ಇಡುವ ಸದ್ದು ಬರುತ್ತದೆ ಎಂದು ಕಾದಳು.

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳ್ದೆನಲ್ಲ. ಮಂಗಳವಾರ ನಾನೂರು ಜನಕ್ಕೂ ಬರೆದೆ. ನಿನಗೋಸ್ಕರಾನೇ ಬರೆದೆ."

"ನಾನೂರು ಜನಕ್ಕೆ ಹೇಳ್ದೆ" ಎಂದಳು ಮಗಳು. ದನಿ ಒಡೆಯಿತು. "ನನಗೊಬ್ಬಳಿಗೆ ಒಂದು ಫೋನ್ ಮಾಡ್ಬೇಕು ಅಂತ ಅನ್ನಿಸ್ಲಿಲ್ವಾ ಅಮ್ಮ? ಮೂರು ವರ್ಷದಲ್ಲಿ ಒಂದೇ ಒಂದು ಸಲ?"

ನೀನೇ ಬರಬೇಡ ಅಂದೆಯಲ್ಲ ಎನ್ನಬಹುದಿತ್ತು, ಅದು ನಿಜವೂ ಆಗಿತ್ತು. ಆದರೆ ಮಗಳು ಬರಬೇಡ ಎಂದದ್ದು ತನ್ನ ಕೆಲಸಕ್ಕೆ, ತನ್ನ ಬಳಿಗಲ್ಲ ಎಂಬುದು ಈಗ ಹಗಲಿನಷ್ಟು ಸ್ಪಷ್ಟವಾಗಿತ್ತು. ತಾನು ಅವಳ ಜಾಬ್‌ಗಳನ್ನು ನೋಡುತ್ತ ಮೂರು ವರ್ಷ ಕಳೆದಿದ್ದಳು. ಮಗಳೂ ಅಲ್ಲಿ ಫೋನನ್ನು ನೋಡುತ್ತ ಕಳೆದಿರಬಹುದೆಂದು ಒಂದು ದಿನಕ್ಕೂ ಹೊಳೆದಿರಲಿಲ್ಲ.

"ತಪ್ಪಾಯ್ತು ಪುಟ್ಟಿ" ಎಂದಳು.

ಮಗಳು ಮೂಗು ಒರೆಸಿಕೊಂಡದ್ದು ಕೇಳಿಸಿತು. ಆಮೇಲೆ, ಮಂಗಳವಾರ ಯಂತ್ರ ಎದ್ದಾಗ ಎಷ್ಟು ಗಂಟೆ ಅಂತ ಬರೆಯಲಿ ಎಂದು ಕೇಳಿದಳು.

ಇಪ್ಪತ್ತು ಎಂಬುದು ಕ್ಯೂ ಅಮ್ಮನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ನಿನಗೆ ಎಷ್ಟು ಬೇಕು ಅನ್ಸುತ್ತೆ?"

ಮಗಳು ಅಲ್ಲಿ ತನ್ನ ಹಳೆಯ ಜಾಬ್‌ಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಕೀಲಿಮಣೆಯ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು. ನಾಲ್ಕು ನಿಮಿಷ ಹಿಡಿಯಿತು. ಕ್ಯೂ ಅಮ್ಮ ತಾನು ತೆಗೆದಿಟ್ಟುಕೊಂಡಿದ್ದ ಅದೇ ಪಟ್ಟಿಯನ್ನು ಮುಚ್ಚಿ, ಕಾಯುತ್ತ ಕೂತಳು.

"ಇಪ್ಪತ್ನಾಲ್ಕು?" ಎಂದಳು ಮಗಳು.

ನಾಲ್ಕು ಗಂಟೆ ಜಾಸ್ತಿಯಾಯಿತು.

"ಬರಿ" ಎಂದಳು ಅಮ್ಮ.